ಇಳಿದ ತಂಡ, ಇಳಿಯದೆ ಬಿಟ್ಟ ಸ್ಟೇಷನ್ನು

ಭದ್ರಾವತಿಗೆ ಹೊರಟದ್ದು ಗೆಳೆಯನ ತಂಗಿಯ ಮದುವೆಗೆ. 2025ರ ಮೇ ಕೊನೆಯ ವಾರ. ಆ ವರ್ಷ ಮಳೆಗಾಲಕ್ಕೆ ಏನೋ ಅವಸರ, ಬೀರೂರು ದಾಟುವಾಗಲೇ ರೈಲಿನ ಕಿಟಕಿಗೆ ನೀರು ರಾಚುತ್ತಿತ್ತು. ತರೀಕೆರೆ ಬಂದದ್ದು ಗೊತ್ತು. ಆಮೇಲೆ ಫೋನಿನಲ್ಲಿ ಒಂದು ಹಳೇ ಫುಟ್‌ಬಾಲ್ ಪಂದ್ಯದ ತುಣುಕು ನೋಡುತ್ತಾ ತೂಕಡಿಸಿಬಿಟ್ಟೆ. ಕಣ್ಣು ಬಿಟ್ಟರೆ ಬೋಗಿಯವರೆಲ್ಲ ಎದ್ದು ನಿಂತು ಸೂಟ್‌ಕೇಸು ಇಳಿಸುತ್ತಿದ್ದಾರೆ. ಬೋರ್ಡು ನೋಡಿದರೆ ಶಿವಮೊಗ್ಗ.

ಜನಶತಾಬ್ದಿಯಲ್ಲಿ ಹೋಗುವವರಿಗೆ ಒಂದು ಮಾತು. ಭದ್ರಾವತಿಯಲ್ಲಿ ಇಳಿಯಬೇಕಾದರೆ ತರೀಕೆರೆ ಬಿಟ್ಟ ಕೂಡಲೇ ಬ್ಯಾಗು ಹೆಗಲಿಗೆ ಹಾಕಿ ಬಾಗಿಲ ಹತ್ತಿರ ನಿಂತುಬಿಡಿ. ಗಾಡಿ ಅಲ್ಲಿ ನಿಂತಂತೆ ಮಾಡಿ ಹೊರಟುಬಿಡುತ್ತದೆ. ತಪ್ಪಿದರೆ ಹದಿನೆಂಟು ಕಿಲೋಮೀಟರು ವಾಪಸ್ ಬರಬೇಕು, ಅದೂ ರಾತ್ರಿ ಹತ್ತರ ಹೊತ್ತಿಗೆ. ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ಹೊರಡುವುದರಲ್ಲಿತ್ತು. ಅದು ಹೋಗುವುದೇ ಭದ್ರಾವತಿ ಮೇಲೆ, ಅರ್ಧ ಸೀಟು ಖಾಲಿ ಇತ್ತು. ಕಂಡಕ್ಟರು ಮಾತ್ರ "ರಿಸರ್ವೇಷನ್ ಗಾಡಿ, ಭದ್ರಾವತಿಗೆಲ್ಲ ಹತ್ಸಲ್ಲ" ಅಂತ ಬಾಗಿಲು ಎಳೆದುಕೊಂಡ. ನಿಂತೇ ಬರ್ತೀನಿ ಅಂದೆ. ತಿರುಗಿ ನೋಡಲಿಲ್ಲ. ಕೊನೆಗೆ ಆಟೋದವನಿಗೆ ಕೊಟ್ಟ ದುಡ್ಡಿನ ಮೊತ್ತ ಇಲ್ಲಿ ಬರೆದರೆ ಮನೆಯಲ್ಲಿ ಓದುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಕಾಣುವ ಕೆಂಪು ಬಸ್ಸು ನೆಚ್ಚಿಕೊಳ್ಳಬೇಡಿ, ವಿಚಾರಣೆ ಕಿಟಕಿಯಲ್ಲಿ ಆರ್ಡಿನರಿ ಯಾವಾಗ ಅಂತ ಮೊದಲು ಕೇಳಿ. ನಾನು ಕೇಳಲಿಲ್ಲ.

ಆ ತುಣುಕಿನ ವಿಷಯಕ್ಕೆ ಬರುತ್ತೇನೆ, ಈ ಕಥೆಗೆ ಅದೇ ಕಾರಣ. ಬೆಂಗಳೂರಿನ ಫುಟ್‌ಬಾಲ್ ಅಂದರೆ ಜನಕ್ಕೆ ನೆನಪಾಗುವುದು ಬೆಂಗಳೂರು ಎಫ್‌ಸಿ, ಕಂಠೀರವ, ಸುನಿಲ್ ಛೆಟ್ರಿ. ನಾನು ಬೆನ್ನು ಹತ್ತಿದ್ದು ಇನ್ನೊಂದು ತಂಡವನ್ನು, ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. 2023–24ರ ಒಂದೇ ಸೀಸನ್ನಿನಲ್ಲಿ ಐ-ಲೀಗ್ 3ರಿಂದ ಐ-ಲೀಗ್ 2ಕ್ಕೆ ಹತ್ತಿತು. ಅಲ್ಲೂ ಗೆದ್ದು ಐ-ಲೀಗಿಗೇ ಬಂತು. ಎರಡು ಮೆಟ್ಟಿಲು ಒಂದೇ ನೆಗೆತಕ್ಕೆ! ಮೇಲೆ ಇಂಡಿಯನ್ ಸೂಪರ್ ಲೀಗ್ ಇದ್ದದ್ದರಿಂದ ಐ-ಲೀಗ್ ಆಗ ದೇಶದ ಎರಡನೇ ದರ್ಜೆ. ಟಿವಿಯವರು ತಲೆ ಕೆಡಿಸಿಕೊಳ್ಳುವುದಿಲ್ಲ, ಪೇಪರಿನಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು. 2024–25ರಲ್ಲಿ ಹನ್ನೆರಡು ತಂಡ, ತಲಾ ಇಪ್ಪತ್ತೆರಡು ಪಂದ್ಯ. ಬೆಂಗಳೂರಿನಲ್ಲಿ ನಡೆದ ಪಂದ್ಯಗಳಿಗೆ ಆಫೀಸಿಗೆ ಸುಳ್ಳು ಹೇಳಿಯಾದರೂ ಹೋಗುತ್ತಿದ್ದೆ. ಸ್ಟ್ಯಾಂಡಿನಲ್ಲಿ ಕೂತು ಕೂಗಿದರೆ ಗೋಲ್‌ಕೀಪರು ತಿರುಗಿ ನೋಡುತ್ತಿದ್ದ, ಅಷ್ಟು ಕಡಿಮೆ ಜನ. ಏಪ್ರಿಲಿನಲ್ಲಿ ಲೀಗು ಮುಗಿಯುವಷ್ಟರಲ್ಲಿ ಡೆಲ್ಲಿ ಎಫ್‌ಸಿ ಜೊತೆ ನಮ್ಮವರೂ ಕೆಳಕ್ಕೆ. ಹತ್ತಿದ ಮರುವರ್ಷವೇ ಇಳಿದರು.

ಮದುವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟದ ಹಾಲಿನಲ್ಲಿ ಗೋಬಿ ಮಂಚೂರಿಗೆ ಬೇರೆ ಕೌಂಟರು ಇಟ್ಟಿದ್ದರು, ಸಾಲೂ ಅಲ್ಲೇ ಉದ್ದ. ಹಲಸಿನ ಹಣ್ಣಿನ ಕಾಲದಲ್ಲಿ, ಹಲಸಿನ ಮರ ಮಂಟಪದ ಎದುರಿಗೇ ನಿಂತಿರುವಾಗ, ಜನ ಹೂಕೋಸಿಗೆ ಮುಗಿಬೀಳುವುದು ನನಗೆ ಸಹಿಸಲಿಲ್ಲ. ಮಾರನೇ ದಿನ ಗೆಳೆಯನ ಅತ್ತೆ ಬಾಳೆಲೆ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಕಡುಬಿಗೆ ತುಪ್ಪ ಸುರಿದು ಕೊಟ್ಟರು. ನಾಲ್ಕು ತಿಂದೆ. ಕೆಮ್ಮಣ್ಣುಗುಂಡಿಗೂ ಹೋಗಿ ಬಂದೆವು. ಮಂಜಿನಲ್ಲಿ ಮುಂದಿದ್ದವನ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ, ಸಾಕ್ಸಿನೊಳಗೆ ಮೂರು ಇಂಬಳ ಸಿಕ್ಕವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಳಿಯುತ್ತಿದ್ದದ್ದು ಆ ಬೆಟ್ಟದಿಂದಲೇ, ರೋಪ್‌ವೇ ತೊಟ್ಟಿಲುಗಳಲ್ಲಿ.

ಮೂರನೇ ದಿನ ಸಂಜೆ ಮಳೆ ಕೊಂಚ ಹೊಳವಾಯಿತು. ಗೆಳೆಯನ ಸೋದರಮಾವ "ಬಾ, ಗ್ರೌಂಡ್ ಕಡೆ ಹೋಗಿ ಬರೋಣ" ಅಂತ ಛತ್ರಿ ಎತ್ತಿಕೊಂಡರು. ತೀರ್ಥಹಳ್ಳಿ ಕಡೆಯವರು, ನ್ಯೂಟೌನಿನಲ್ಲಿ ಐವತ್ತು ವರ್ಷದಿಂದ ಇದ್ದಾರೆ. ಗೆಳೆಯ ಕರೆಯುವಂತೆ ನಾನೂ ಮಾವ ಅಂತಲೇ ಕರೆದೆ. ನಡೆಯುವಾಗ ಬಲಗಾಲು ಒಂಚೂರು ಎಳೆಯುತ್ತಾರೆ.

ನ್ಯೂಟೌನು ನೋಡಿದವರಿಗೆ ಗೊತ್ತು. ಹೆಂಚಿನ ಕ್ವಾರ್ಟರ್ಸು ಸಾಲು, ಒಂದೊಂದು ಮನೆಗೂ ಮಾವೋ ಹಲಸೋ ಒಂದು ಮರ, ಎಷ್ಟೋ ಮನೆಗೆ ಬೀಗ, ಬೀಗದ ಮೇಲೆ ಪಾಚಿ. ಬೆಂಕಿಪುರ ಅಂತ ಹೆಸರಿದ್ದ ಊರಿಗೆ ಕುಲುಮೆ ಬಂದದ್ದು ಮೈಸೂರು ಅರಸರ ಕಾಲದಲ್ಲಿ. 1918ರಲ್ಲಿ ಕೆಲಸ ಶುರು, 1923ರಲ್ಲಿ ಕಬ್ಬಿಣ. ಕಲ್ಲಿದ್ದಲಿಲ್ಲದ ನಾಡು ನಮ್ಮದು, ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲಲ್ಲೇ ಅದಿರು ಕರಗಿಸಿದರು. ಕಾರ್ಖಾನೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂತು, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್ ತೆಗೆದುಕೊಂಡಿತು. 2023ರ ಜನವರಿಯಲ್ಲಿ ಮುಚ್ಚುತ್ತೇವೆ ಅಂತ ಹೇಳಿಕೆಯೂ ಬಂತು. ಆ ವರ್ಷವೇ ರೋಲಿಂಗ್ ಮಿಲ್ ಮತ್ತೆ ತಿರುಗಿತು ಅನ್ನುವುದು ಬೇರೆ ಮಾತು. ಪಕ್ಕದ ಪೇಪರ್‌ಟೌನಿನ ಕಾಗದ ಕಾರ್ಖಾನೆ ಅದಕ್ಕೂ ಮುಂಚೆಯೇ ನಿಂತಿತ್ತು.

ಮೈದಾನದಲ್ಲಿ ಹತ್ತು ಹನ್ನೆರಡು ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಶಾಲೆ ಶುರುವಾಗಲು ಇನ್ನೂ ಒಂದೆರಡು ದಿನವಿತ್ತು. ಅರ್ಧ ಮೈದಾನ ಕೆಸರು. ಆ ಕಡೆ ಒದ್ದ ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಅದಕ್ಕೆ ಎಲ್ಲರೂ ಒಣ ಮೂಲೆಯಲ್ಲೇ ಗುಂಪುಗಟ್ಟಿದ್ದರು. ಗೋಲಿಗೆ ಬಲೆ ಇಲ್ಲ. ಕಂಬದ ಬುಡದಲ್ಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಮೇಲೆ ಬಿಳಿ, ಅದರಡಿ ಹಳದಿ, ಅದರಡಿ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡು. ಮಾವ ಛತ್ರಿ ಹಿಡಿಯಿಂದ ಕಂಬಕ್ಕೆ ಒಂದು ಕುಟ್ಟಿದರು. ಠಣ್ ಅಂತ ದಪ್ಪ ಸದ್ದು.

"ನಮ್ದೇ ಪೈಪು. ಮೆಷಿನ್ ಶಾಪಲ್ಲಿ ಕೊಯ್ದು ತಂದು ನೆಟ್ಟಿದ್ದು. ಲೆಕ್ಕಕ್ಕೆ ಸ್ಕ್ರ್ಯಾಪು."

ಕಲ್ಲಿನ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಕೂತೆವು. ನಾನು ಉತ್ಸಾಹದಲ್ಲಿ ನನ್ನ ತಂಡದ ಕಥೆ ತೆಗೆದೆ. ಹತ್ತಿದ್ದು, ಇಳಿದದ್ದು, ಆ ಕೊನೇ ವಾರಗಳ ಸಂಕಟ. ಪೂರ್ತಿ ಕೇಳಿಸಿಕೊಂಡರು.

"ಹುಡುಗರ ಕೆಲಸ?" ಅಂದರು.

"ಯಾವ ಕೆಲಸ ಮಾವ?"

"ಆಡೋ ಹುಡುಗರದ್ದು ಮಾರಾಯ. ತಂಡ ಬಿತ್ತು, ಸರಿ. ಅವರ ಕೆಲಸ ಉಳೀತಾ ಹೋಯ್ತಾ?"

ಇಡೀ ಸೀಸನ್ನು ಪಾಯಿಂಟ್ಸ್ ಟೇಬಲ್ಲು ಬಾಯಿಪಾಠ ಮಾಡಿದ್ದವನು ನಾನು. ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ಈಗೆಲ್ಲ ಕಾಂಟ್ರಾಕ್ಟು ಮಾವ, ಸಾಮಾನ್ಯವಾಗಿ ಒಂದು ಸೀಸನ್ನು, ಎರಡು ಸೀಸನ್ನು, ಆಮೇಲೆ ಬೇರೆ ಕ್ಲಬ್ಬು ಹುಡುಕಿಕೊಳ್ಳಬೇಕು ಅಂತ ವಿವರಿಸಿದೆ.

"ಅಂದ್ರೆ ಗುತ್ತಿಗೆ," ಅಂದರು. ಆ ಊರಿನಲ್ಲಿ ಆ ಪದಕ್ಕೆ ಬೇರೆಯೇ ಭಾರ. ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಗೇಟಿನ ಹತ್ತಿರ ಟೆಂಟು ಹಾಕಿ ತಿಂಗಳುಗಟ್ಟಲೆ ಕೂತವರು ಗುತ್ತಿಗೆ ಕಾರ್ಮಿಕರೇ.

ಆಮೇಲೆ ತಮ್ಮದು ಹೇಳಿದರು. 1975ರಲ್ಲಿ ಕಾರ್ಖಾನೆಯವರು ಇದೇ ಮೈದಾನದಲ್ಲಿ ಆಡಿಸಿ ನೋಡಿದರಂತೆ. ಎರಡು ಗೋಲು ಹೊಡೆದರು, ಹದಿನೈದು ದಿನಕ್ಕೆ ಆರ್ಡರ್ ಕೈಗೆ ಬಂತು, ಫೌಂಡ್ರಿಯಲ್ಲಿ ಖಲಾಸಿ. "ಊರಲ್ಲಿ ಎಮ್ಮೆ ಮೇಯಿಸ್ತಿದ್ದವನಿಗೆ ಚೆಂಡು ಒದ್ದಿದ್ದಕ್ಕೆ ಸರ್ಕಾರಿ ಸಂಬಳ ಅಂದ್ರೆ ನಮ್ಮಪ್ಪ ನಂಬಲಿಲ್ಲ. ಸ್ಲಿಪ್ ತೋರಿಸಿದೆ." ಪ್ರಾಕ್ಟೀಸಿಗೆ ಎರಡು ಗಂಟೆ ಮುಂಚೆ ಬಿಡುತ್ತಿದ್ದರು. ಹೊರಗಿನ ಮ್ಯಾಚಿಗೆ ಹೋದರೆ ಆನ್ ಡ್ಯೂಟಿ, ಬಸ್ ಚಾರ್ಜು, ಭತ್ಯೆ. ಜನ ತುಂಬುತ್ತಿದ್ದದ್ದು ಮಾತ್ರ ಡಿಪಾರ್ಟ್‌ಮೆಂಟುಗಳ ಮ್ಯಾಚಿಗೆ. ಫೌಂಡ್ರಿ, ಬ್ಲಾಸ್ಟ್ ಫರ್ನೇಸ್, ರೋಲಿಂಗ್ ಮಿಲ್ ತಮ್ಮತಮ್ಮಲ್ಲೇ ಆಡಿದರೆ ಸೆಕೆಂಡ್ ಶಿಫ್ಟಿನವರು ಸೈರನ್ ಆಗುವವರೆಗೂ ಕದಲುತ್ತಿರಲಿಲ್ಲವಂತೆ. ಮಳೆಗಾಲದಲ್ಲಿ ಚರ್ಮದ ಚೆಂಡು ನೀರು ಕುಡಿದು ಹಲಸಿನಕಾಯಿ ಆಗುತ್ತಿತ್ತು. ಹಿಂದಿನ ರಾತ್ರಿ ಹರಳೆಣ್ಣೆ ತಿಕ್ಕಿ ಒಲೆ ಪಕ್ಕ ಇಟ್ಟರೂ ಅರ್ಧ ಆಟಕ್ಕೆ ಅದೇ ಕಥೆ. "ಹೆಡ್ ಮಾಡಿದ್ರೆ ರಾತ್ರಿ ಊಟ ಸೇರ್ತಿರ್ಲಿಲ್ಲ."

"ಕಾಲಿಗೇನಾಯ್ತು ಮಾವ?"

ಪಂಚೆ ಮಂಡಿಯ ಮೇಲಕ್ಕೆ ಸರಿಸಿ ತೋರಿಸಿದರು. ಚಿಪ್ಪಿನ ಒಳಬದಿಯಲ್ಲಿ ಬೆರಳುದ್ದದ ಹೊಲಿಗೆ ಗುರುತು, ಮಸೆದ ಬಿಳುಪು. "ಎಂಬತ್ತೆರಡನೇ ಇಸವಿ. ಮಂಡಿ ಆವತ್ತೇ ರಿಟೈರ್ ಆಯ್ತು. ನಾನು ಆಗಿದ್ದು 2013ರಲ್ಲಿ." ಮೂವತ್ತೊಂದು ವರ್ಷ ಚೆಂಡು ಮುಟ್ಟದೆ ಫೌಂಡ್ರಿಯಲ್ಲಿ ದುಡಿದರು. ಇಬ್ಬರು ಮಕ್ಕಳನ್ನು ಓದಿಸಿದ್ದು ಆ ಎರಡು ಗೋಲಿನಿಂದ ಅಂತ ಅವರ ಲೆಕ್ಕ.

ಕಾರ್ಖಾನೆ ತಂಡಗಳ ಬಗ್ಗೆ ನನಗೆ ಅಂಥ ಮೋಹವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ನಲವತ್ತರ ಹತ್ತಿರದವರು ಸರ್ವಿಸ್ ಲೆಕ್ಕದಲ್ಲಿ ಬೂಟು ಕಟ್ಟಿ ಬರುತ್ತಿದ್ದ ತಂಡಗಳನ್ನು ಬೆಂಗಳೂರಿನಲ್ಲಿ ನೋಡಿದ್ದೇನೆ. ಮಾವನ ಮುಂದೆ ಎಚ್‌ಎಎಲ್ ಉದಾಹರಣೆ ಕೊಟ್ಟೆ. ಅಚ್ಚ ಕಾರ್ಖಾನೆ ತಂಡ, 2010ರಲ್ಲಿ ಎರಡನೇ ದರ್ಜೆಯಿಂದ, ಆಗಿನ್ನೂ ದೇಶದ ಮೊದಲ ದರ್ಜೆಯಾಗಿದ್ದ ಐ-ಲೀಗಿಗೆ ಹತ್ತಿತು, 2012ರಲ್ಲಿ ಕೆಳಕ್ಕೆ ಬಿತ್ತು, ಮತ್ತೆ ಮೇಲೆ ಬರಲಿಲ್ಲ. ಕ್ಲಬ್ಬುಗಳ ವೇಗಕ್ಕೆ ಅವರಿಂದ ಆಗಲಿಲ್ಲ ಮಾವ ಅಂದೆ.

"ಬಿದ್ದ ಮಾರನೇ ದಿನ ಡ್ಯೂಟಿಗೆ ಹೋದ್ರಲ್ಲ?"

ಹೋಗಿರಲೇಬೇಕು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ಬದಲಿಸಲು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ವಿಷಯ ಎತ್ತಿದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಐವತ್ತನಾಲ್ಕು ವರ್ಷದ ಮೇಲೆ ಗೆದ್ದದ್ದು, ಅದೂ ಸೌದಿಯ ರಿಯಾದ್‌ನಲ್ಲಿ. ಮಾವನಿಗೆ ಗೊತ್ತಿತ್ತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು, ಆ ಸುದ್ದಿಯನ್ನು ಹೈಸ್ಕೂಲಿನ ಮೇಷ್ಟ್ರು ಪೇಪರು ಹಿಡಿದು ಓದಿ ಹೇಳಿದ್ದರಂತೆ. "ರಿಯಾದ್‌ಗೆ ವಿಮಾನದ ಚಾರ್ಜು ಯಾರು ಕೊಟ್ರು?" ಅಂತ ಕೇಳಿದರು. ಫೆಡರೇಷನ್ನು ಇರಬೇಕು ಅಂದೆ. ತಲೆಯಾಡಿಸಿದರು, ಸಮಾಧಾನವಾದಂತೆ ಕಾಣಿಸಿತು.

ಅಷ್ಟರಲ್ಲಿ ಮತ್ತೆ ಮಳೆ. ಒಂದು ಹುಡುಗ ಒದ್ದ ಚೆಂಡು ಕಂಬಕ್ಕೆ ಬಡಿದು ಚರಂಡಿಗೆ ಬಿತ್ತು. ಚರಂಡಿ ತುಂಬಿ ಹರಿಯುತ್ತಿತ್ತು. ಚೆಂಡು ನೀರಿನ ಜೊತೆ ಓಡತೊಡಗಿತು, ಹಿಂದೆ ಇಡೀ ತಂಡ. ಮಾವ ಎದ್ದು ನಿಂತು "ಮೋರಿ ಹತ್ರ ಅಡ್ಡ ನಿಂತ್ಕೊಳ್ರೋ, ಹಿಂದೆ ಓಡಿದ್ರೆ ಸಿಗಲ್ಲ!" ಅಂತ ಕೂಗಿದರು. ಒಬ್ಬ ಮಾತ್ರ ಕೇಳಿದ. ಅಡ್ಡದಾರಿ ಹಿಡಿದು ಹೋಗಿ ಮೋರಿ ಬಾಯಲ್ಲಿ ಕಾಲಿಟ್ಟು ಚೆಂಡು ತಡೆದ. "ಅವನು ಆಡ್ತಾನೆ," ಅಂದರು ಮಾವ.

ವಾಪಸ್ ಬರುವಾಗ ಪೇಟೆಯಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದರು. ಮೆಣಸಿನಕಾಯಿ ಬೆಂಗಳೂರಿನ ಹಾಗೆ ಹೆಸರಿಗಲ್ಲ, ಖಾರವಿತ್ತು. ಬರುವ ರೈಲಿನಲ್ಲಿ ನಿದ್ದೆ ಮಾಡಲಿಲ್ಲ, ಬೆಂಗಳೂರೇ ಕೊನೇ ಸ್ಟೇಷನ್ನಾದರೂ.

ಜುಲೈನಲ್ಲಿ ಐ-ಲೀಗಿನ ಆ ಸೀಸನ್ನಿನ ಕೊನೇ ಅಂಕ ಮುಗಿಯಿತು. ಯಾರು ಆಡಬಹುದಿತ್ತು, ಯಾರು ಆಡಬಾರದಿತ್ತು ಅನ್ನುವ ತಕರಾರು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದವರೆಗೂ ಹೋಗಿತ್ತು. ಗೋವಾದ ಚರ್ಚಿಲ್ ಬ್ರದರ್ಸ್ ಅಲ್ಲ, ವಾರಾಣಸಿಯ ಇಂಟರ್ ಕಾಶಿಯೇ ಚಾಂಪಿಯನ್ ಅಂತ ಅಲ್ಲಿ ತೀರ್ಮಾನವಾಯಿತು. ಮಾವನಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಹೆಂಚಿನ ಮೇಲೆ ಮಳೆ ಸುರಿಯುವ ಸದ್ದು ಕೇಳುತ್ತಿತ್ತು.

"ಸ್ವಿಟ್ಜರ್ಲೆಂಡಾ?" ಅಂದರು. "ವಕೀಲರ ಫೀಸು ಯಾರು ಕೊಟ್ರಂತೆ?"