ಲೆಕ್ಕ ಓದಿದ್ವನೇ ಕೂಸೆ?

ಮಂಗಳವಾರ ರಾತ್ರಿಯಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ. ಅಪ್ಪ ಕೇಳಿದ್ದು. ಊಟ ಮುಗಿಸಿ ಜಗಲಿಯಲ್ಲಿ ಕವಳ ಹಾಕುತ್ತಾ, ನನ್ನ ಮುಖ ಕೂಡ ನೋಡದೆ, "ಲೆಕ್ಕ ಓದಿದ್ವನೇ ಕೂಸೆ?" ಅಂದ. ಲೆಕ್ಕ ಓದಿ ಹೇಳಿದರಾ ಮಗಳೇ, ಅಂತ.

ಆಗಿದ್ದು ಇಷ್ಟೇ. ಇಂಟರ್ನೆಟ್ಟಿನ ಒಂದು ತಾಣದಲ್ಲಿ ಏಳು ಕಂಪ್ಯೂಟರ್ ಗೇಮ್‌ಗಳ ಬಂಡಲ್, ಅಂದರೆ ಒಂದೇ ಬೆಲೆಯ ಕಟ್ಟು, ಬಂದಿತ್ತು. ಬಿಡಿಬಿಡಿಯಾಗಿ ಕೊಂಡರೆ ಐದಾರು ಸಾವಿರ ಆಗುವಂಥವು, ಎಲ್ಲ ಸೇರಿ 1,200 ರೂಪಾಯಿ. ಒಂದು ಪಾಲು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ ಅಂತ ಮೇಲೆ ದೊಡ್ಡದಾಗಿ ಬರೆದಿತ್ತು. ನಿಜ ಹೇಳಬೇಕೆಂದರೆ ಆ ಸಾಲು ಓದಿಯೇ ನಾನು ಕೊಂಡಿದ್ದು. ನಮ್ಮದು ಜಾಯಿಂಟ್ ಅಕೌಂಟ್, ಮೆಸೇಜು ಅಪ್ಪನ ಮೊಬೈಲಿಗೇ ಹೋಗುತ್ತದೆ. "ಇದೆಂತ ಸಾವಿರದಿನ್ನೂರು?" ಅಂತ ಕೇಳಿದ. "ಆಟ ತಗಂಡೆ ಅಪ್ಪ, ಅದ್ರ ದುಡ್ಡು ಆಸ್ಪತ್ರೆ ಮಕ್ಕಳಿಗೆ ಹೋಗ್ತು" ಅಂದೆ.

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಇನ್ನು ಅರ್ಧ ಗಂಟೆ ಬಿಡಿಸಿ ಹೇಳಬೇಕಾಗುತ್ತದೆ ಅಂದುಕೊಂಡಿದ್ದೆ. ಆದರೆ ಅಪ್ಪನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. "ಓ, ಸಹಾಯಾರ್ಥ ಆಟ" ಅಂದ. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ. ಆಮೇಲೆ ಆ ಪ್ರಶ್ನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆದವರಿಗೆ ಸಹಾಯಾರ್ಥ ಆಟ ಏನು ಅಂತ ಹೇಳಬೇಕಾಗಿಲ್ಲ, ಕಷ್ಟದಲ್ಲಿದ್ದವರಿಗೆ ದುಡ್ಡು ಕೂಡಿಸಲು ಆಡಿಸುವ ಯಕ್ಷಗಾನ. 1997ರಲ್ಲಿ ನಮ್ಮೂರಿನ ಒಬ್ಬರಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಮಣಿಪಾಲಕ್ಕೇ ಹೋಗಬೇಕು. (ಈಗಲೂ ಅಷ್ಟೇ. ದೊಡ್ಡ ಕಾಯಿಲೆ ಬಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ, ಮಂಗಳೂರು, ಇಲ್ಲಾ ಗೋವಾಕ್ಕೆ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಕಾರವಾರದಿಂದ ಭಟ್ಕಳದವರೆಗೆ ಜನ ಕೇಳಿ ಕೇಳಿ ಸೋತಿದ್ದಾರೆ. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ.) ಆಗ ಅಪ್ಪ ಮತ್ತು ಇನ್ನು ನಾಲ್ಕು ಜನ ಸೇರಿ ಶಾಲೆಯ ಬಯಲಲ್ಲಿ ಆಟ ಮಾಡಿಸಿದ್ದರು. ನಾನು ಸಣ್ಣವಳು. ಚಂಡೆ ಸದ್ದಿಗೆ ಹೆದರಿ ಆಯಿಯ ಸೆರಗು ಹಿಡಿದಿದ್ದೆ. ಕಥೆ ಯಾವುದು ಅಂತ ನೆನಪಿಲ್ಲ. ಆದರೆ ನಡುರಾತ್ರಿ ಭಾಗವತರು ಪದ್ಯ ನಿಲ್ಲಿಸಿದ್ದು, ಅಪ್ಪ ರಂಗಸ್ಥಳಕ್ಕೆ ಹತ್ತಿ ಮೈಕು ಹಿಡಿದದ್ದು ನೆನಪಿದೆ. ಟಿಕೆಟ್ಟಿನಿಂದ ಬಂದದ್ದು 31,450. ಮೇಳದ ವೀಳ್ಯ, ಅಂದರೆ ಸಂಭಾವನೆ, 14,000. ಮೈಕು, ಲೈಟು 2,200. ಚಪ್ಪರ, ಕುರ್ಚಿ 1,800. ಪೋಸ್ಟರು, ಪ್ರಚಾರ 650. ಉಳಿದದ್ದು 12,800. ಇಷ್ಟನ್ನು ಓದಿ, ಆ ಮನೆಯವರನ್ನು ಕರೆದು, ಎಲ್ಲರ ಎದುರಿಗೇ ದುಡ್ಡು ಕೈಗೆ ಕೊಟ್ಟ. ಆ ಪಟ್ಟಿ ಈಗಲೂ ನಾಗಂದಿಗೆಯ ಮೇಲೆ ಇದೆ, ಅಂಕಿಗಳನ್ನು ನಾನು ಬುಧವಾರ ಅದನ್ನು ತೆಗೆದು ನೋಡಿಯೇ ಬರೆಯುತ್ತಿದ್ದೇನೆ.

ಅಂಥವನು "ಲೆಕ್ಕ ಓದಿದ್ವನೇ ಕೂಸೆ?" ಅಂತ ಕೇಳಿದರೆ ನಾನು ಏನು ಹೇಳಲಿ? "ಒಂದು ಪಾಲು ಹೋಗ್ತು" ಅಂದೆ. "ಎಷ್ಟು ಪಾಲು?" ಗೊತ್ತಿರಲಿಲ್ಲ.

ಒಳಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ದುಡ್ಡು ಕಟ್ಟುವ ಪುಟದ ಕೆಳಗೆ, ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುವ ಒಂದು ಸಾಲು ಇತ್ತು. ಹಣ ಯಾರಿಗೆ ಎಷ್ಟು ಅಂತ ಅಲ್ಲಿದೆ. ನಾವಾಗಿ ಬದಲಿಸದಿದ್ದರೆ ನೂರಕ್ಕೆ ಐದು ಮಕ್ಕಳಿಗೆ. ನಾನು ಆ ಸಾಲನ್ನು ಮುಟ್ಟಿಯೇ ಇರಲಿಲ್ಲ. 1,200ರಲ್ಲಿ 60 ರೂಪಾಯಿ. ಬದಲಿಸಿದ್ದರೆ ಜಾಸ್ತಿ ಕೊಡಬಹುದಿತ್ತು. ಒಂದು ಬೆರಳು ಸರಿಸುವ ಕೆಲಸ. ಸುಮ್ನೆ ಸಂತೋಷದಲ್ಲಿ ಒತ್ತಿಬಿಟ್ಟೆ.

ಇದು ಹೀಗೇ ಇರಬೇಕಾಗಿರಲಿಲ್ಲ ಅನ್ನುವುದೇ ನನಗೆ ಬೇಜಾರು. ಈ ಪದ್ಧತಿಯನ್ನು ಮನೆಮಾತು ಮಾಡಿದ್ದು ಹಂಬಲ್ ಬಂಡಲ್ ಅನ್ನುವ ತಾಣ. 2010ರಲ್ಲಿ ಸಣ್ಣ ಸಣ್ಣ ತಂಡಗಳ ಗೇಮ್‌ಗಳನ್ನು ಕಟ್ಟಿ, ನಿಮಗೆ ತೋಚಿದಷ್ಟು ಕೊಡಿ ಅಂದರು. ಕೊಟ್ಟದ್ದರಲ್ಲಿ ಗೇಮ್ ಮಾಡಿದವರಿಗೆ ಎಷ್ಟು, ದಾನಕ್ಕೆ ಎಷ್ಟು ಅಂತ ಕೊಳ್ಳುವವರೇ ಪರದೆಯ ಮೇಲಿನ ಗೆರೆ ಎಳೆದು ಹಂಚಬಹುದಿತ್ತು. ಆ ಮೊದಲ ಬಂಡಲ್ಲೇ ಹತ್ತು ಲಕ್ಷ ಡಾಲರ್ ದಾಟಿತು. ಪಾಲು ಪಡೆದವರಲ್ಲಿ ಚೈಲ್ಡ್ಸ್ ಪ್ಲೇ ಇತ್ತು, 2003ರಿಂದ ಆಸ್ಪತ್ರೆಯ ಮಕ್ಕಳಿಗೆ ಆಟದ ಸಾಮಾನು ಕೊಡುತ್ತಾ ಬಂದಿರುವ ಸಂಸ್ಥೆ. 2021ರಲ್ಲಿ ಆ ಎಳೆದು ಹಂಚುವ ಸೌಲಭ್ಯವನ್ನೇ ತೆಗೆಯಲು ಹೊರಟರು. ಆಟಗಾರರು ಗಲಾಟೆ ಮಾಡಿದರು. ಕೊನೆಗೆ ತಾಣದವರು ತಮ್ಮ ಪಾಲಿಗೆ ಇಷ್ಟಾದರೂ ಬೇಕು ಅಂತ ಒಂದು ಮಿತಿ ಹಾಕಿಕೊಂಡು ಉಳಿಸಿದರು. ಗಲಾಟೆ ಮಾಡಿದವರ ಮೇಲೆ ನನಗೆ ಆಗ ಅಷ್ಟು ಗೌರವ ಇರಲಿಲ್ಲ. ಬಿಟ್ಟಿ ಬೇಕು ಅಂತ ಕೂಗುತ್ತಾರೆ ಅಂದುಕೊಂಡಿದ್ದೆ. ಈಗ ನೋಡಿದರೆ ಅವರು ಕೇಳಿದ್ದೂ ಅಪ್ಪ ಕೇಳಿದ್ದೂ ಒಂದೇ.

2020ರ ಜೂನ್ ಇನ್ನೂ ಕಣ್ಣ ಮುಂದಿದೆ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದವನು ಪೊಲೀಸರ ಕೈಯಲ್ಲಿ ಸತ್ತ ಮೇಲೆ, ಸಣ್ಣ ತಂಡಗಳು ಗೇಮ್ ಮಾರುವ ಇಚ್ ತಾಣದಲ್ಲಿ ಒಂದು ಬಂಡಲ್ ಬಂತು. ಕಡಿಮೆ ಅಂದರೆ 5 ಡಾಲರ್ ಕೊಡಬೇಕು, 1,700ಕ್ಕೂ ಜಾಸ್ತಿ ಗೇಮ್, ಚಿತ್ರ, ಪುಸ್ತಕ ಎಲ್ಲ ಸಿಗುತ್ತದೆ. ಬಂದ ದುಡ್ಡೆಲ್ಲ ದಾನಕ್ಕೇ. ಮಾಡಿದವರು ಒಂದು ಪೈಸೆ ಇಟ್ಟುಕೊಳ್ಳಲಿಲ್ಲ. ಎಷ್ಟು ಸೇರಿತು ಅನ್ನುವ ಅಂಕಿ ಪುಟದ ಮೇಲೇ ಏರುತ್ತಿತ್ತು, ನಾನು ಲಾಕ್‌ಡೌನಿನಲ್ಲಿ ಇದೇ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ, 80 ಲಕ್ಷ ಡಾಲರ್ ದಾಟಿತು. ಅಲ್ಲಿದ್ದವರಲ್ಲಿ ಎಷ್ಟೋ ಜನ ಒಂಟಿಯಾಗಿ ಗೇಮ್ ಮಾಡುವವರು, ಅದರಿಂದಲೇ ಬಾಡಿಗೆ ಕಟ್ಟುವವರು. ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ಕಲಾವಿದ "ಈ ಸಲ ನನ್ನ ಸಂಬಳ ಬೇಡ, ಆ ಮನೆಗೇ ಕೊಡಿ" ಅಂದ ಹಾಗೆ. ನನಗೆ ಅವರು ದೊಡ್ಡವರು.

ಬುಧವಾರ ಬೆಂಗಳೂರಿನಿಂದ ಭಾವ ಫೋನ್ ಮಾಡಿದ್ದ. ವಿಷಯ ಕೇಳಿ, "ಕೊಡೋದಾದ್ರೆ ಸೀದಾ ಕೊಡು, ಗೇಮ್ ಯಾಕೆ ಮಧ್ಯದಲ್ಲಿ?" ಅಂದ. ಭಾವ ಒಳ್ಳೆಯವನೇ. ಆದರೆ ಸೀದಾ ಕೊಡು ಅನ್ನುವವರು ಸೀದಾ ಕೊಟ್ಟದ್ದನ್ನು ನಾನು ನೋಡಿದ್ದು ಕಡಿಮೆ. 1997ರ ಆ ಆಟಕ್ಕೂ ಕೆಲವು ದೊಡ್ಡ ಮನುಷ್ಯರು ಪಾಸ್ ಕೇಳಿ ತಂದು ಮುಂದಿನ ಸಾಲಲ್ಲಿ ಕೂತಿದ್ದರು ಅಂತ ಅಪ್ಪ ಈಗಲೂ ಹೇಳುತ್ತಾನೆ. ಹಿಂದೆ ನೆಲಕ್ಕೆ ಕೂತವರು ಟಿಕೆಟ್ ತೆಗೆದುಕೊಂಡವರು. ಅವರಿಗೆ ಆಟವೂ ಬೇಕಿತ್ತು, ಆ ಮನುಷ್ಯ ಬದುಕುವುದೂ ಬೇಕಿತ್ತು. ಎರಡೂ ಒಟ್ಟಿಗೆ ಬೇಕು ಅನ್ನುವುದರಲ್ಲಿ ತಪ್ಪೇನಿದೆ? ಆಟ ಇರದಿದ್ದರೆ ಆ ರಾತ್ರಿ ಅಷ್ಟು ಜನ ಬಯಲಿಗೆ ಬರುತ್ತಲೇ ಇರಲಿಲ್ಲ ಅಲ್ವಾ?

"ಮತ್ತೆ ನಿಂಗೆ ಕೈಗೆ ಎಂತ ಸಿಕ್ತು?" ಅಂತಲೂ ಅಪ್ಪ ಕೇಳಿದ್ದ. ಏನೂ ಸಿಕ್ಕಿಲ್ಲ, ಒಂದಷ್ಟು ಅಕ್ಷರ, ಅಂಕಿ ಇರುವ ಕೀ. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಹಾಕಿದರೆ ಗೇಮ್ ಇಳಿಯುತ್ತದೆ. ಅದೂ ನನ್ನ ಸ್ವಂತದ್ದಲ್ಲ, ಆಡಲು ಕೊಟ್ಟ ಅನುಮತಿ ಮಾತ್ರ. ಇದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಕಾನೂನೇ ಆಯಿತು. ಅದೂ ಲೆಕ್ಕ ಓದುವುದೇ. ಅಪ್ಪ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಬೆಳಗಾದ ಮೇಲೆ ಆಟದ್ದೂ ಏನು ಉಳಿಯುತ್ತದೆ, ಹರಿದ ಟಿಕೆಟ್ ತಾನೇ ಅಂದ.

ಕೊಂಡದ್ದರ ಪಾಲು ಈಗ ಬದಲಾಗುವುದಿಲ್ಲ. ಅದಕ್ಕೆ ನಿನ್ನೆ ಆ ಮಕ್ಕಳ ಸಂಸ್ಥೆಗೇ ಬೇರೆ 540 ರೂಪಾಯಿ ಕಳಿಸಿದೆ. 60 ಸೇರಿ 600, ಅರ್ಧಕ್ಕರ್ಧ.

ರಾತ್ರಿ ಊಟ ಆದ ಮೇಲೆ ಜಗಲಿಗೆ ಲ್ಯಾಪ್‌ಟಾಪ್ ತಂದು ಅಪ್ಪನ ಪಕ್ಕ ಕೂತೆ. ಅವನು ಓದುತ್ತಿದ್ದ ಹಾಗೆಯೇ ಒಂದೊಂದೇ ಸಾಲು ಓದಿದೆ. ಕೊಟ್ಟದ್ದು 1,200. ಗೇಮ್ ಮಾಡಿದವರಿಗೆ 780. ತಾಣಕ್ಕೆ 360. ಮಕ್ಕಳಿಗೆ 60. ಆಮೇಲೆ ಬೇರೆಯಾಗಿ 540. ಆಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಮನಸ್ಸಿನಲ್ಲೇ ಕೂಡಿಸುತ್ತಿದ್ದ ಅಂತ ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು.

"ಸರಿ ಇದ್ದು" ಅಂದ. ಕನ್ನಡಕ ಹಾಕಿಕೊಂಡು ಹತ್ತಿರ ಸರಿದ. "ಈಗ ಆಟ ತೋರ್ಸು."