ಕೊನೇ ಮೂರು ಔಟ್‌ಗಳ ಬೆಲೆ

ಮೊನ್ನೆ ಶನಿವಾರ ಮಗ ಬೀರು ತೆಗೆದು ನೀಲಿ ಜರ್ಸಿ ಹಿಡಿದುಕೊಂಡು ಅಡುಗೆಮನೆಗೆ ಬಂದ. "ಅಮ್ಮಾ, ಇದನ್ನ ಇನ್ನೂ ಹಾಕ್ಕೋಬಹುದಾ?" ಅಂದ. ಬೆನ್ನ ಮೇಲೆ 39, ಅದರ ಮೇಲೆ ಡಿಯಾಜ್ ಅಂತ ಹೆಸರು. ನನಗೆ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಬೇಸ್‌ಬಾಲ್ ಕ್ಲೋಸರ್ ಎಡ್ವಿನ್ ಡಿಯಾಜ್ 2025ರ ಡಿಸೆಂಬರ್‌ನಲ್ಲಿ ನಮ್ಮ ನ್ಯೂಯಾರ್ಕ್ ಮೆಟ್ಸ್ ತಂಡ ಬಿಟ್ಟು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಸೇರಿದ. 3 ವರ್ಷಕ್ಕೆ 69 ಮಿಲಿಯನ್ ಡಾಲರ್.

ನಮ್ಮ ಮನೆ ಇರುವುದು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ. ಗಣೇಶನ ಗುಡಿಯ ಕ್ಯಾಂಟೀನ್‌ನಲ್ಲಿ ಮಸಾಲೆದೋಸೆ ತಿಂದು, ಮೇನ್ ಸ್ಟ್ರೀಟ್‌ವರೆಗೆ ನಡೆದು, 7 ನಂಬರ್ ರೈಲು ಹತ್ತಿದರೆ ಮುಂದಿನ ಸ್ಟಾಪೇ ಮೆಟ್ಸ್ ಮೈದಾನ ಸಿಟಿ ಫೀಲ್ಡ್. ಬೇಸ್‌ಬಾಲ್ ನನಗೆ ಅಂಟಿದ್ದು ಹಾಗೆ.

ಕ್ಲೋಸರ್ ಅಂದರೆ ಯಾರು ಅಂತ ಊರಿನವರು ಕೇಳಿದರೆ, 20ನೇ ಓವರ್ ಹಾಕುವವನು ಅಂತ ಹೇಳುತ್ತೇನೆ. ಆದರೆ ಕ್ರಿಕೆಟ್‌ನಲ್ಲಿ ಅವನೇ ಹೊಸ ಚೆಂಡಿನಲ್ಲೂ ಒಂದೆರಡು ಓವರ್ ಹಾಕಿರುತ್ತಾನೆ. ಕ್ಲೋಸರ್ ಹಾಗಲ್ಲ. ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಎಂಟು ಮುಗಿಯುವವರೆಗೆ ಮೈದಾನದ ಅಂಚಿನ ಬುಲ್‌ಪೆನ್‌ನಲ್ಲೇ ಇರುತ್ತಾನೆ. ತಂಡ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಂದಿದ್ದರೆ ಒಂಬತ್ತನೇ ಇನಿಂಗ್ಸ್‌ಗೆ ಬಂದು ಮೂರು ಔಟ್ ತೆಗೆಯಬೇಕು. ತೆಗೆದರೆ ಅವನ ಲೆಕ್ಕಕ್ಕೆ ಒಂದು 'ಸೇವ್'. 1969ರಿಂದ ಅದು ಅಧಿಕೃತ ಲೆಕ್ಕ.

ಇಷ್ಟಕ್ಕೆ ವರ್ಷಕ್ಕೆ 23 ಮಿಲಿಯನ್ ಯಾಕೆ ಕೊಡಬೇಕು ಅಂತ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯ ವಾದ ಮಾಡುತ್ತಾನೆ. ಅವನ ಲೆಕ್ಕ ತಪ್ಪೇನಲ್ಲ. ಒಂದು ಸೀಸನ್‌ಗೆ 162 ಮ್ಯಾಚ್, ಅಂದರೆ 1,450ಕ್ಕೂ ಜಾಸ್ತಿ ಇನಿಂಗ್ಸ್. ಕ್ಲೋಸರ್ ಹಾಕುವುದು ಅರವತ್ತೋ ಅರವತ್ತೈದೋ. ನೂರಕ್ಕೆ ನಾಲ್ಕೂವರೆ. ಅದೂ ಅಲ್ಲದೆ ಈ ಕೆಲಸದವರು ಬೇಗ ಕೆಡುತ್ತಾರೆ. ಡಾಡ್ಜರ್ಸ್ 2025ರ ಜನವರಿಯಲ್ಲಿ ಟ್ಯಾನರ್ ಸ್ಕಾಟ್‌ಗೆ 4 ವರ್ಷಕ್ಕೆ 72 ಮಿಲಿಯನ್ ಕೊಟ್ಟರು. ಅವನು ಆ ವರ್ಷ ಹತ್ತು ಸಲ ಮುನ್ನಡೆ ಕಳೆದ. ಆದರೂ ಡಾಡ್ಜರ್ಸ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರು. ಅದರ ಕೊನೇ, ಏಳನೇ ಮ್ಯಾಚ್ ಮುಗಿಸಿದ್ದು ಯಾರು? ಹಿಂದಿನ ರಾತ್ರಿಯಷ್ಟೇ ಆರನೇ ಮ್ಯಾಚ್ ಶುರು ಮಾಡಿದ್ದ ಯಾಮಾಮೊಟೊ, ಕ್ಲೋಸರೇ ಅಲ್ಲದವನು.

ಗೆಳೆಯನ ಮಾತಿನಲ್ಲಿ ಮುಕ್ಕಾಲು ಪಾಲು ನಾನೂ ಒಪ್ಪುತ್ತೇನೆ. ಸೇವ್ ಎಷ್ಟು ಅಂತ ಎಣಿಸಿ ದುಡ್ಡು ಕೊಡುವುದು ದಡ್ಡತನವೇ. ಮೂರು ರನ್ ಮುಂದಿರುವಾಗ ಬಂದು ಮೂರು ಔಟ್ ತೆಗೆಯುವುದು ಲೀಗ್‌ನ ಬಹಳ ಪಿಚರ್‌ಗಳಿಗೆ, ಅಂದರೆ ಚೆಂಡು ಎಸೆಯುವವರಿಗೆ, ಸಾಧ್ಯ.

ಆದರೆ ಡಿಯಾಜ್ ವಿಷಯದಲ್ಲಿ ನಾನು ಎಣಿಸುವುದು ಸೇವ್ ಅಲ್ಲ. ಸ್ಟ್ರೈಕ್‌ಔಟ್, ಅಂದರೆ ಬ್ಯಾಟ್ಸ್‌ಮನ್ ಚೆಂಡು ಹೊಡೆಯಲಾಗದೆ ಔಟ್ ಆಗುವುದು. 2025ರಲ್ಲಿ ಅವನು 66 ಇನಿಂಗ್ಸ್ ಹಾಕಿ 98 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಬ್ಯಾಟಿಗೆ ಚೆಂಡು ತಾಗಲೇ ಇಲ್ಲ ಅಂದರೆ ಕ್ಯಾಚ್ ಬಿಡುವ ಮಾತಿಲ್ಲ, ಚೆಂಡು ಪುಟಿದು ಯಾರದೋ ಕಾಲ ಸಂದಿಯಲ್ಲಿ ಹೋಗುವ ಮಾತೂ ಇಲ್ಲ. ಒಂದು ರನ್ ಉಳಿಸಿಕೊಳ್ಳಬೇಕಾದಾಗ ಅದಕ್ಕಿಂತ ದೊಡ್ಡ ಭದ್ರತೆ ಇನ್ನೊಂದಿಲ್ಲ.

ಇನ್ನೊಂದು ವಿಷಯ ಲೆಕ್ಕದ ಹಾಳೆಯಲ್ಲಿ ಸಿಗುವುದಿಲ್ಲ. ಸಿಯಾಟಲ್‌ನಲ್ಲಿ 57 ಸೇವ್ ಮಾಡಿ 2019ರಲ್ಲಿ ಇಲ್ಲಿಗೆ ಬಂದವನು ಮೊದಲ ವರ್ಷ ಪೂರ್ತಿ ಕುಸಿದ. 58 ಇನಿಂಗ್ಸ್‌ನಲ್ಲಿ 15 ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆಸಿಕೊಂಡ. ಸಿಟಿ ಫೀಲ್ಡ್‌ನಲ್ಲಿ ಜನ ಕೂಗಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಒಂದು ರಾತ್ರಿ ಅವನು ತಲೆ ತಗ್ಗಿಸಿಕೊಂಡು ಒಳಗೆ ಹೋಗುವುದು ನೋಡಿ ನನಗೇ ಸಂಕಟವಾಯಿತು. ಅಂಥವನು ಬಿಟ್ಟು ಓಡಲಿಲ್ಲ. ಅದೇ ಊರಿನಲ್ಲಿ, ಅದೇ ಜನರ ಮುಂದೆ ನಿಂತು 2022ರಲ್ಲಿ 62 ಇನಿಂಗ್ಸ್‌ಗೆ 118 ಸ್ಟ್ರೈಕ್‌ಔಟ್ ತೆಗೆದ.

ಆ ವರ್ಷ ಅಪ್ಪ ಅರಸೀಕೆರೆಯಿಂದ ಬಂದಿದ್ದರು. ಆಗಸ್ಟ್ 31ರ ರಾತ್ರಿ ಅವರನ್ನು ಮ್ಯಾಚ್‌ಗೆ ಕರೆದುಕೊಂಡು ಹೋಗಿದ್ದೆ. ಎದುರಾಳಿ ಇದೇ ಡಾಡ್ಜರ್ಸ್. ಎಂಟು ಇನಿಂಗ್ಸ್ ಅಪ್ಪ ಸುಮ್ನೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಒಂಬತ್ತನೆಯದಕ್ಕೆ ಬುಲ್‌ಪೆನ್ ಬಾಗಿಲು ತೆರೆಯಿತು. ಡಿಯಾಜ್ ಬರುವಾಗ ಸ್ಪೀಕರ್‌ನಲ್ಲಿ ಯಾವಾಗಲೂ ಒಂದು ಟ್ರಂಪೆಟ್ ಹಾಡು ಹಾಕುತ್ತಿದ್ದರು. ಅವತ್ತು ಅದನ್ನು ನುಡಿಸಿದ ಕಲಾವಿದನೇ ಮೈದಾನಕ್ಕೆ ಬಂದು ಎದುರಿಗೇ ಊದಿದ. ಇಡೀ ಮೈದಾನ ಎದ್ದು ನಿಂತಿತು. ಅಪ್ಪನೂ ಎದ್ದರು. ಮಡಿಲಲ್ಲಿದ್ದ ಕಡಲೆಕಾಯಿ ಸಿಪ್ಪೆಯೆಲ್ಲ ನನ್ನ ಚಪ್ಪಲಿ ಮೇಲೆ ಬಿತ್ತು. ಡಿಯಾಜ್‌ನ ಸ್ಲೈಡರ್ ನೇರ ಬಂದ ಹಾಗೆ ಕಂಡು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಜಾರುತ್ತದೆ. ಬ್ಯಾಟ್ಸ್‌ಮನ್ ಗಾಳಿಗೆ ಬೀಸುತ್ತಾನೆ. 2-1ರಲ್ಲಿ ಗೆದ್ದೆವು. ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ ಹೇಳಿದರು, "ಕೊನೇ ಓವರ್ ಹಾಕೋನಿಗೆ ಹೊಟ್ಟೆಯೊಳಗೆ ಏನಾಗುತ್ತೆ ಅಂತ ನಂಗೆ ಗೊತ್ತು ಪುಟ್ಟಿ." ಅವರು ತಾಲ್ಲೂಕು ಟೂರ್ನಿಗಳಲ್ಲಿ ಟೆನಿಸ್ ಬಾಲ್‌ನಲ್ಲಿ ಕೊನೇ ಓವರ್ ಹಾಕುತ್ತಿದ್ದವರು.

ಆ ಸೀಸನ್ ಮುಗಿದ ಮೇಲೆ ಮೆಟ್ಸ್ ಡಿಯಾಜ್‌ಗೆ 5 ವರ್ಷಕ್ಕೆ 102 ಮಿಲಿಯನ್ ಕೊಟ್ಟರು. ಕ್ಲೋಸರ್‌ಗೆ ನೂರು ಮಿಲಿಯನ್ ದಾಟಿದ್ದು ಅದೇ ಮೊದಲು. 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊ ರಿಕೊ ಗೆದ್ದಾಗ, ಕುಣಿಯುವಾಗಲೇ ಅವನ ಮಂಡಿಯ ಸ್ನಾಯುರಜ್ಜು ಹರಿಯಿತು. ಪೂರ್ತಿ ಸೀಸನ್ ಹೋಯಿತು. ಮಗ ಅವತ್ತು ಊಟ ಮಾಡಲಿಲ್ಲ. ನೋಡಿ, ಕ್ಲೋಸರ್‌ಗೆ ಸುರಿದ ದುಡ್ಡು ಹೀಗೇ ಅಂತ ಎಲ್ಲರೂ ಅಂದರು. ನನಗೆ ಆ ವರ್ಷ ಕಂಡಿದ್ದು ಬೇರೆ. ಒಂಬತ್ತನೇ ಇನಿಂಗ್ಸ್ ಹಾಕುವವನು ಇಲ್ಲ ಅಂದರೆ ಎಂಟನೆಯವನು ಒಂಬತ್ತಕ್ಕೆ ಹೋಗುತ್ತಾನೆ, ಏಳನೆಯವನು ಎಂಟಕ್ಕೆ. ಎಲ್ಲರೂ ತಮ್ಮ ಕೈಗೆ ಮೀರಿದ ಕೆಲಸಕ್ಕೆ ಬಂದು ನಿಲ್ಲುತ್ತಾರೆ. ಹಿಂದಿನ ವರ್ಷ 101 ಮ್ಯಾಚ್ ಗೆದ್ದ ತಂಡ 75ಕ್ಕೆ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಇದೂ ಒಂದು.

ಈಗ ಮೆಟ್ಸ್ ಡೆವಿನ್ ವಿಲಿಯಮ್ಸ್‌ನನ್ನು 3 ವರ್ಷಕ್ಕೆ 51 ಮಿಲಿಯನ್ ಕೊಟ್ಟು ತಂದಿದ್ದಾರೆ. ಡಿಯಾಜ್ ಹೋಗುವ ಮೊದಲೇ ಆ ಸುದ್ದಿ ಬಂತು. ಆಗ ನನಗೆ ಖುಷಿಯೋ ಖುಷಿ. ಎಂಟಕ್ಕೆ ವಿಲಿಯಮ್ಸ್, ಒಂಬತ್ತಕ್ಕೆ ಡಿಯಾಜ್ ಅಂತ ಮನಸ್ಸಿನಲ್ಲೇ ಬರೆದುಕೊಂಡುಬಿಟ್ಟೆ. ಹಾಗಾಗಲಿಲ್ಲ. ವಿಲಿಯಮ್ಸ್ ಒಳ್ಳೆಯ ಪಿಚರ್, ಅವನಿಗೆ ಒಳ್ಳೆಯದಾಗಲಿ. ಆದರೆ ಮಿಲ್ವಾಕಿಯಲ್ಲಿ ಮೆರೆದವನು 2025ರಲ್ಲಿ ಇದೇ ನ್ಯೂಯಾರ್ಕ್‌ನ ಯಾಂಕೀಸ್‌ಗೆ ಬಂದು ಒಂಬತ್ತನೇ ಇನಿಂಗ್ಸ್‌ನ ಕೆಲಸ ಕಳೆದುಕೊಂಡ. ಈ ಊರಿನ ಕೂಗಾಟ ಕೇಳಿ, ಬಿದ್ದು, ಎದ್ದು ಬಂದವನು ನಮ್ಮ ಹತ್ತಿರ ಆಗಲೇ ಇದ್ದನಲ್ಲ.

ವರದಿಗಳ ಪ್ರಕಾರ ಮೆಟ್ಸ್ 3 ವರ್ಷಕ್ಕೆ 66 ಮಿಲಿಯನ್ ಕೊಡಲು ಸಿದ್ಧರಿದ್ದರು. ಬ್ಯಾಟ್ಸ್‌ಮನ್ ಹುವಾನ್ ಸೋಟೊಗೆ 765 ಮಿಲಿಯನ್ ಬರೆದುಕೊಟ್ಟ ತಂಡ ಇದು. ಇನ್ನೂ ಸ್ವಲ್ಪ ಸೇರಿಸಿದ್ದರೆ ಅವನು ಖಂಡಿತ ಉಳಿಯುತ್ತಿದ್ದ ಅಂತ ನಾನು ಹೇಳಲಾರೆ. ಸತತ ಎರಡು ವರ್ಷ ಗೆದ್ದ ತಂಡ ಕರೆದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಡಾಡ್ಜರ್ಸ್ ಮಾಡಿದ್ದನ್ನು ನೋಡಿ. ದುಡ್ಡು ಕೊಟ್ಟು ತಂದ ಕ್ಲೋಸರ್ ಕೈಕೊಟ್ಟರೂ ಟ್ರೋಫಿ ಗೆದ್ದವರು ಅವರು. ಕ್ಲೋಸರ್ ಬೇಡ ಅನ್ನಲು ಅವರಿಗಿಂತ ಜಾಸ್ತಿ ಹಕ್ಕು ಯಾರಿಗಿತ್ತು? ಆದರೂ ಮುಂದಿನ ತಿಂಗಳೇ ಡಿಯಾಜ್ ಬಾಗಿಲು ತಟ್ಟಿದರು. ಅಕ್ಟೋಬರ್‌ನ ಆ ರಾತ್ರಿಗಳು ಹೇಗಿದ್ದವು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಆರ್‌ಸಿಬಿ ನೋಡಿ ಬೆಳೆದವರಿಗೆ ನನ್ನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ವರ್ಷಗಟ್ಟಲೆ ಚಿನ್ನಸ್ವಾಮಿಯ ಸಣ್ಣ ಬೌಂಡರಿಗೆ ಹೆದರದೆ ಬೌಲ್ ಮಾಡಿದ ಚಾಹಲ್‌ನನ್ನು ಬಿಟ್ಟೆವು. 2022ರಲ್ಲಿ ಅವನು ರಾಜಸ್ಥಾನಕ್ಕೆ 27 ವಿಕೆಟ್ ತೆಗೆದ, ಅದೇ ತಂಡ ನಮ್ಮನ್ನು ಕ್ವಾಲಿಫೈಯರ್‌ನಲ್ಲಿ ಮನೆಗೆ ಕಳಿಸಿತು.

ಜರ್ಸಿ ಹಾಕ್ಕೋ ಅಂತ ಮಗನಿಗೆ ಹೇಳಿದೆ. ಡಾಡ್ಜರ್ಸ್ ಇಲ್ಲಿಗೆ ಬಂದಾಗಲೂ ಹಾಕ್ಕೋ, ಅವನು ಬುಲ್‌ಪೆನ್‌ನಿಂದ ಬಂದರೆ ಎದ್ದು ನಿಂತು ಚಪ್ಪಾಳೆ ಹೊಡಿ ಅಂದೆ. ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ವಿಷಯ ತಿಳಿಸಿದೆ. "ಆ ತುತ್ತೂರಿ ಹುಡುಗನ್ನ ಬಿಟ್ಟುಬಿಟ್ರಾ?" ಅಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊಸಬನ ಹೆಸರು ಕೇಳಿದರು, ಅವನು ಚೆಂಡು ಹೇಗೆ ಹಿಡಿಯುತ್ತಾನೆ ಅಂತ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ.

"ಸರಿ, ಮೊದಲನೇ ಮ್ಯಾಚ್ ನೋಡಿ ಫೋನ್ ಮಾಡು" ಅಂದರು.