ನಾಗಸಾಕಿಗೆ ಹೋದರೆ ನಿಶಿಝಾಕ ಗುಡ್ಡಕ್ಕೂ ಅರ್ಧ ದಿನ ಇಡಿ

ನಾಗಸಾಕಿ ಅಂದರೆ ಅಣುಬಾಂಬು, ಅಷ್ಟೇ ಅಲ್ವಾ ನಮಗೆ ಗೊತ್ತಿರೋದು? ಹೆಚ್ಚಿನವರು ಶಾಂತಿ ಉದ್ಯಾನ ನೋಡಿ ಸಂಜೆ ರೈಲಿಗೆ ವಾಪಸ್ ಹೊರಡುತ್ತಾರೆ. ರೈಲು ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ನಿಶಿಝಾಕ ಗುಡ್ಡ ಸಿಗುತ್ತದೆ. 1597ರ ಫೆಬ್ರವರಿ 5ರಂದು ಅಲ್ಲಿ 26 ಕ್ಯಾಥೊಲಿಕರನ್ನು ಶಿಲುಬೆಗೆ ಕಟ್ಟಿ ಈಟಿಯಿಂದ ತಿವಿದು ಕೊಂದರು.

ಫುಕುವೋಕದ ಹಕಾಟ ನಿಲ್ದಾಣದಿಂದ ಹೊರಟರೆ ಸುಮಾರು ಒಂದೂವರೆ ಗಂಟೆ. ನಡುವೆ ಟಕೆಯೊ ಒನ್ಸೆನ್‌ನಲ್ಲಿ ಇಳಿದು ಶಿಂಕನ್‌ಸೆನ್ (ಬುಲೆಟ್ ರೈಲು) ಹತ್ತಬೇಕು. ಅದು ಎದುರು ಪ್ಲಾಟ್‌ಫಾರ್ಮಿನಲ್ಲೇ ಬರುತ್ತದೆ, ಗಾಬರಿ ಬೇಡ. ಗುಡ್ಡದ ಏರು ಚಿಕ್ಕದು, ಆದರೆ ಮಂಡಿನೋವು ಇರುವವರು ನಿಧಾನಕ್ಕೆ ಹತ್ತಿ.

ಹೋಗುವ ಮುಂಚೆ ಕತೆ ತಿಳಿದುಕೊಂಡಿರಿ. ಇಲ್ಲದಿದ್ದರೆ ಸುಮ್ನೆ ಒಂದು ಗೋಡೆ ನೋಡಿ ಬಂದ ಹಾಗಾಗುತ್ತದೆ. ಪಾದ್ರಿಗಳ ಹಿಂದೆಯೇ ಸ್ಪೇನಿನ ಸೈನ್ಯ ಬರುತ್ತದೆ ಎಂಬ ಗುಮಾನಿ ದೊರೆ ಟೊಯೊಟೊಮಿ ಹಿಡೆಯೋಶಿಗಿತ್ತು. ಕ್ಯೋಟೊ, ಒಸಾಕಾಗಳಲ್ಲಿ 24 ಮಂದಿಯನ್ನು ಹಿಡಿಸಿದ. ಎಡಗಿವಿಯ ತುದಿ ಕತ್ತರಿಸಿ, ಚಳಿಗಾಲದಲ್ಲಿ ನಾಗಸಾಕಿವರೆಗೆ ನಡೆಸಿದರು. ದಾರಿಯಲ್ಲಿ ಇನ್ನಿಬ್ಬರು ಸೇರಿದರು. ಹಿಡಿಯುವಾಗಿನ ಒಂದು ಪ್ರಸಂಗ ಹೇಳುತ್ತಾರೆ: ಸೈನಿಕರು ಮಥಿಯಾಸ್ ಎಂಬ ಅಡುಗೆಯವನನ್ನು ಕೂಗಿದಾಗ ಅವನು ಹೊರಗೆ ಹೋಗಿದ್ದ. ಪಕ್ಕದಲ್ಲಿದ್ದವನೊಬ್ಬ, ‘ನನ್ನ ಹೆಸರೂ ಮಥಿಯಾಸ್, ನಾನೂ ಕ್ರೈಸ್ತ’ ಎಂದು ಮುಂದೆ ಬಂದ. ಅವನನ್ನೇ ಒಯ್ದರು.

ಎಲ್ಲರಿಗಿಂತ ಕಿರಿಯ ಲೂಯಿಸ್ ಇಬರಾಕಿಗೆ ಬರೀ 12 ವರ್ಷ. ನಂಬಿಕೆ ಬಿಟ್ಟರೆ ಬಿಟ್ಟುಬಿಡುತ್ತೇನೆ, ನನ್ನ ಬಳಿಯೇ ಇರು ಎಂದು ಅಧಿಕಾರಿ ಟೆರಝಾವ ಹೇಳಿದರೂ ಹುಡುಗ ಒಪ್ಪಲಿಲ್ಲ. ಗುಡ್ಡದ ಮೇಲೆ ಬಂದವನು, ನನ್ನ ಶಿಲುಬೆ ಯಾವುದು ಎಂದು ಕೇಳಿದನಂತೆ.

1962ರ ಸ್ಮಾರಕದಲ್ಲಿ 26 ಕಂಚಿನ ಮೂರ್ತಿಗಳು ಒಂದೇ ಸಾಲಿನಲ್ಲಿವೆ. ಶಿಲ್ಪಿ ಫುನಾಕೋಶಿ ಯಸುತಾಕೆ ಶಿಲುಬೆಯನ್ನೇ ತೋರಿಸಿಲ್ಲ. ಪಾದಗಳನ್ನು ಗಮನಿಸಿ: ನೆಲಕ್ಕೆ ತಾಗದೆ ಕೆಳಗೆ ಇಳಿಬಿದ್ದಿವೆ. ಸಾಲಿನ ನಡುವೆ ಮೂರು ಮೂರ್ತಿ ಗಿಡ್ಡ. ಅವು ಲೂಯಿಸ್, ಆಂಟನಿ, ಥಾಮಸ್ ಎಂಬ ಮೂವರು ಹುಡುಗರದು. ನನಗೆ ಅಲ್ಲಿಂದ ಬೇಗ ಕಾಲು ಕೀಳಲಾಗಲಿಲ್ಲ. ಮುಂಬೈ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಕೂಡ ಈ ಸಾಲಿನಲ್ಲಿದ್ದಾರೆ. ನಮ್ಮವರೊಬ್ಬರು ಇಲ್ಲಿದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತು?

ಹಿಂದೆಯೇ ಮ್ಯೂಸಿಯಂ ಇದೆ, ಅದಕ್ಕೆ ಟಿಕೆಟ್ ಉಂಟು. ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಆಮೇಲೆ ಟ್ರಾಮಿನಲ್ಲಿ ಓಉರ ಚರ್ಚ್‌ಗೆ ಹೋಗಿ, ಶಿಂಚಿ ಚೈನಾಟೌನ್‌ನಲ್ಲಿ ಬದಲಿಸಬೇಕು. 1864ರ ಈ ಚರ್ಚನ್ನು ಇದೇ 26 ಮಂದಿಯ ಹೆಸರಿಗೆ ಅರ್ಪಿಸಿದ್ದಾರೆ. ಅದರ ಮುಖವೂ ಈ ಗುಡ್ಡದ ಕಡೆಗೇ.

ಸಸ್ಯಾಹಾರಿಗಳಿಗೆ ಒಂದು ಮಾತು. ಊರಿನ ಹೆಸರಾಂತ ಚಂಪೊನ್ ನೂಡಲ್ಸ್‌ನಲ್ಲಿ ಹಂದಿ, ಮೀನು ಎಲ್ಲಾ ಇರುತ್ತದೆ. ನಿಲ್ದಾಣದ ಅಂಗಡಿಯಲ್ಲಿ ಉಮೆಬೋಶಿ, ಅಂದರೆ ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಹುಳಿ ಹಣ್ಣು, ಹಾಕಿದ ಅನ್ನದುಂಡೆ ಕೇಳಿ. ಹುಳಿ ಜಾಸ್ತಿ, ಉಪ್ಪಿನಕಾಯಿ ತಿನ್ನುವ ನಾಲಿಗೆಗೆ ಕಷ್ಟವೇನಿಲ್ಲ.